ಮನೆಯಲ್ಲೇ ಕಲಿಸಬೇಕೆಂದಿರುವ ತಾಯಂದಿರಿಗೆ, ಮೂಡಿಗೆರೆ ಕಡೆಯಿಂದ

ಹೋದ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ನಮ್ಮ ಸಭೆಯ ಒಬ್ಬ ತಂಗಿ ಪಕ್ಕಕ್ಕೆ ಕರೆದಳು. “ಅಕ್ಕಾ, ನಾನೂ ಮಗನ್ನ ಶಾಲೆ ಬಿಡಿಸಿ ಮನೇಲೇ ಕಲಿಸಲಾ? ಎಲ್ಲಿಂದ ಶುರು ಮಾಡ್ಲಿ?” ಮಳೆ ಜೋರಾಗಿತ್ತು, ಜೀಪು ಕಾಯುತ್ತಿತ್ತು, ಎರಡು ಮಾತು ಹೇಳಿ ಹೊರಟುಬಂದೆ. ಆ ಎರಡು ಮಾತು ಸಾಲದು ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಅವಳಿಗೂ, ಅವಳಂತೆ ಕೇಳಿದ ಇನ್ನು ಕೆಲವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ. ನಮ್ಮ ಯಜಮಾನರು ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ದೊಡ್ಡ ಮಗಳಿಗೆ 13, ಮಗನಿಗೆ 10, ಚಿಕ್ಕವಳಿಗೆ 4. ಮನೆಯಲ್ಲಿ ಕಲಿಸಲು ಶುರು ಮಾಡಿ ಇದು ನಾಲ್ಕನೇ ವರ್ಷ.

ತಂಗಿ, ಮೊದಲು ಟಿಸಿಗೆ ಅರ್ಜಿ ಕೊಡಬೇಡ. ಮೊದಲು ಗಂಡ ಹೆಂಡತಿ ಕೂತು, ಯಾಕೆ ಬಿಡಿಸುತ್ತಿದ್ದೀರಿ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾವು ಈಸ್ಟರಿಗೆ ಮುಂಚಿನ ಲೆಂಟ್ ಕಾಲದ 40 ದಿನವೂ ಅದೊಂದಕ್ಕೇ ಪ್ರಾರ್ಥಿಸಿದೆವು. ಮೊದಲ ವಾರ ನಾನು ಬರೆದದ್ದೆಲ್ಲ ಸಿಟ್ಟಿನ ಮಾತು: ಆ ಟೀಚರ್ ಹೀಗಂದರು, ಮಗ ತಡವರಿಸಿ ಓದಿದಾಗ ತರಗತಿಯೆಲ್ಲ ನಕ್ಕಿತು. ಸಿಟ್ಟು ಮೂರು ತಿಂಗಳಿಗೆ ಆರಿಹೋಗುತ್ತದೆ, ಆಮೇಲೆ ನಡೆಸುವುದಕ್ಕೆ ಏನೂ ಉಳಿಯುವುದಿಲ್ಲ. ಕೊನೆಯ ವಾರ ಇಬ್ಬರೂ ಬರೆದಿದ್ದ ಒಂದೇ ಕಾರಣ ಇದು: ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದ ಮಕ್ಕಳು ಸಂಜೆ ಐದೂವರೆಗೆ ಬಂದು, ಕುಟುಂಬ ಪ್ರಾರ್ಥನೆಗೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ದೇವರು ನಮ್ಮ ಕೈಗೆ ಕೊಟ್ಟ ಮಕ್ಕಳು ನಮಗೆ ಎಚ್ಚರವಾಗಿ ಸಿಗುತ್ತಲೇ ಇರಲಿಲ್ಲ.

ಕಾನೂನಿನ ವಿಷಯವನ್ನೂ ಕಣ್ಣುಬಿಟ್ಟು ನೋಡಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಅದರಲ್ಲಿದೆ. ಮನೆಯಲ್ಲಿ ಕಲಿಸುವುದರ ಹೆಸರು ಅದರಲ್ಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಬಂದಾಗ ವಾದಕ್ಕೆ ನಿಲ್ಲಬೇಡಿ. ಕೂರಿಸಿ, ಕಾಫಿ ಕೊಟ್ಟು, ಮಕ್ಕಳ ನೋಟ್‌ಬುಕ್ ಮುಂದಿಡಿ. ಪ್ರತಿ ಪುಟಕ್ಕೂ ತಾರೀಖು ಇರಲಿ. ಟಿಸಿ, ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಸ್ಯಾಟ್ಸ್ ನಂಬರ್ (ಸರ್ಕಾರದ ವಿದ್ಯಾರ್ಥಿ ದಾಖಲೆಯ ನಂಬರ್) ಒಂದೇ ಫೈಲಿನಲ್ಲಿಡಿ. ನಾಳೆ ಮತ್ತೆ ಶಾಲೆಗೆ ಸೇರಿಸಬೇಕಾಗಿ ಬಂದರೆ ಆ ಫೈಲೇ ನಿಮ್ಮ ಕೈ ಹಿಡಿಯುತ್ತದೆ.

ಇನ್ನು ನಾನು ಮೊದಲ ತಿಂಗಳು ಮಾಡಿದ ತಪ್ಪು. ನಡುಮನೆಯಲ್ಲಿ ಕಪ್ಪುಹಲಗೆ ಹೊಡೆಸಿದೆ. ಒಂಬತ್ತೂವರೆಗೆ ಕನ್ನಡ, ಹತ್ತೂಕಾಲಿಗೆ ಗಣಿತ, ಹನ್ನೊಂದಕ್ಕೆ ಇಂಗ್ಲಿಷ್. ಚಿಕ್ಕವಳು ಆಗ ಹಾಲು ಕುಡಿಯುವ ಕೂಸು, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ನಾನು ವೇಳಾಪಟ್ಟಿ ಬಿಡಲಿಲ್ಲ. ಮೂರನೇ ವಾರ ಮಗ ‘ಪುಸ್ತಕ’ ಅನ್ನುವುದನ್ನು ‘ಪುಸತಕ’ ಅಂತ ನಾಲ್ಕನೇ ಸಲ ಓದಿದ. ಸ್ಕೇಲಿನಲ್ಲಿ ಅವನ ಬೆರಳಿಗೆ ಹೊಡೆದೆ. ಅವನು ಅಳಲಿಲ್ಲ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಆ ರಾತ್ರಿ ಪ್ರಾರ್ಥನೆಯಲ್ಲಿ ಅವನ ಸರದಿ ಬಂದಾಗ, “ಸ್ವಾಮೀ, ನಂಗೆ ಒತ್ತಕ್ಷರ ಬರೋ ಹಾಗೆ ಮಾಡು, ಅಮ್ಮ ಅಳೋದು ಬೇಡ” ಅಂದ.

ಮಕ್ಕಳ ಮುಂದೆಯೇ ಮೊಣಕಾಲೂರಿ ಅವನ ಕೈ ಹಿಡಿದು ತಪ್ಪಾಯಿತು ಅಂದೆ. ಮರುದಿನ ಯಜಮಾನರು ಹಲಗೆ ಕಿತ್ತು ಕೋಳಿಗೂಡಿಗೆ ಬಾಗಿಲು ಮಾಡಿದರು. ಎರಡು ತಿಂಗಳು ಪಾಠ ಅನ್ನುವ ಮಾತನ್ನೇ ಎತ್ತಲಿಲ್ಲ. ನೀವೂ ಶಾಲೆ ಬಿಡಿಸಿದ ಕೂಡಲೇ ಪಾಠಕ್ಕೆ ಇಳಿಯಬೇಡಿ. ಮಕ್ಕಳಿಗೆ ನಿದ್ದೆ ತುಂಬಲಿ, ಹೆದರಿಕೆ ಇಳಿಯಲಿ. ಈ ದಿನಗಳಲ್ಲಿ ಒಂದೇ ಒಂದನ್ನು ಗಟ್ಟಿಮಾಡಿಕೊಳ್ಳಿ: ಬೆಳಗಿನ ಪ್ರಾರ್ಥನೆ.

ನಮ್ಮ ಮನೆಯಲ್ಲಿ ಅದು ಹೀಗೆ ನಡೆಯುತ್ತದೆ. ಯಜಮಾನರು ಆಳುಗಳ ಹಾಜರಿ ತೆಗೆದುಕೊಳ್ಳಲು ಹೊರಡುವ ಮೊದಲು, ಅಕ್ಕಿರೊಟ್ಟಿಯೋ ಕಡುಬೋ ಆಗುವಷ್ಟರಲ್ಲಿ, ಎಲ್ಲರೂ ಒಲೆಯ ಹತ್ತಿರವೇ ಚಾಪೆ ಹಾಕಿ ಕೂರುತ್ತೇವೆ. ಒಂದು ಹಾಡು, ಸತ್ಯವೇದದ (ಬೈಬಲಿನ) ಒಂದು ಕೀರ್ತನೆ, ಒಬ್ಬೊಬ್ಬರದು ಒಂದೊಂದು ಪ್ರಾರ್ಥನೆ. ಒಟ್ಟು ಕಾಲು ಗಂಟೆ, ಅದಕ್ಕಿಂತ ಎಳೆಯುವುದಿಲ್ಲ. ತಿಂಗಳಿಗೆ ಒಂದೇ ಕೀರ್ತನೆ. ದಿನಾ ಅದನ್ನೇ ಓದಿದರೆ ಮೂರನೇ ವಾರಕ್ಕೆ ಚಿಕ್ಕವಳ ಬಾಯಲ್ಲೂ ಬಂದಿರುತ್ತದೆ. ಓದಿದ ಮೇಲೆ ಪ್ರಶ್ನೆ ಕೇಳುವುದಿಲ್ಲ. “ನಿನಗೆ ಕೇಳಿಸಿದ್ದನ್ನ ನಿನ್ನ ಮಾತಲ್ಲಿ ಹೇಳು” ಅನ್ನುತ್ತೇವೆ ಅಷ್ಟೇ.

ನಮ್ಮ ಸತ್ಯವೇದದ ಹಳೆಯ ಕನ್ನಡ ಮಕ್ಕಳಿಗೆ ಕಷ್ಟ ಅಂತ ಕೆಲವರು ಸುಲಭದ ಭಾಷಾಂತರ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 23ನೇ ಕೀರ್ತನೆಯ ‘ಕೊರತೆಪಡೆನು’ ಎಂಬ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಒಂದು ವಾರದ ವ್ಯಾಕರಣ ನಡೆಯಿತು. ಪಡೆನು ಅಂದರೆ ಪಡುವುದಿಲ್ಲ. ಹಾಗಾದರೆ ಮಾಡುವುದಿಲ್ಲ ಅನ್ನುವುದಕ್ಕೆ? ಮಾಡೆನು. ಬಿಡುವುದಿಲ್ಲ? ಬಿಡೆನು. ಅದೇ ಕೀರ್ತನೆಯಲ್ಲಿ ಮುಂದೆ ‘ಹೆದರೆನು’ ಬಂದಾಗ ಮಗ ತಾನೇ ಹಿಡಿದ. ಈಗಲೂ ಕೋಳಿಗೂಡಿಗೆ ಕತ್ತಲಲ್ಲಿ ಹೋಗುವಾಗ ‘ಹೆದರೆನು, ಹೆದರೆನು’ ಅನ್ನುತ್ತ ಓಡುತ್ತಾನೆ. ಆ ಕೀರ್ತನೆ ದೇವರನ್ನು ‘ಕುರುಬ’ ಅನ್ನುತ್ತದೆ. ಕುರುಬ ಅಂದರೇನು ಅಂತ ತಿಳಿಯಲು ಕಡೂರಿನ ಬಯಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕುರಿಮಂದೆ ತೋರಿಸಿದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮುಂದೆ ಹೋದ ಮರಿಯೊಂದನ್ನು ಆತ ಕೋಲಿನಿಂದ ಮೆಲ್ಲಗೆ ತಿರುಗಿಸಿಕೊಂಡದ್ದನ್ನು ಮೂವರೂ ನೋಡಿದರು.

ಈಗ ಒತ್ತಕ್ಷರ. ಬಹಳ ತಾಯಂದಿರು ಸೋಲುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಠ್ಯಪುಸ್ತಕ ಮುಚ್ಚಿಡಿ, ಅಡುಗೆಮನೆಯ ಡಬ್ಬಗಳನ್ನು ಇಳಿಸಿ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಹಿಟ್ಟು: ಎಲ್ಲದರಲ್ಲೂ ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ವ್ಯಾಕರಣದಲ್ಲಿ ಇವು ಸಜಾತೀಯ. ಸೀಮೆಸುಣ್ಣದಲ್ಲಿ ಹೆಸರು ಬರೆಯುವ ಕೆಲಸ ಮಗುವಿನದು. ಬರೆಯುವ ಮೊದಲು ಕಿವಿಗೆ ಹಿಡಿಸಬೇಕು. ‘ಕತೆ’, ‘ಕತ್ತೆ’. ‘ಬಲೆ’, ‘ಬಲ್ಲೆ’. ನಾಲಿಗೆ ಎಲ್ಲಿ ಒಂದು ಕ್ಷಣ ನಿಲ್ಲುತ್ತದೋ ಅಲ್ಲಿ ಚಪ್ಪಾಳೆ. ಇದು ಬರುವ ತನಕ ಮುಂದಕ್ಕೆ ಹೋಗಬೇಡಿ. ನಮಗೆ ಆರು ವಾರ ಹಿಡಿಯಿತು. ಆಮೇಲೆ ಬೇರೆ ಅಕ್ಷರದ ಒತ್ತು, ವಿಜಾತೀಯ. ‘ಪುಸ್’ ಅಂತ ನಿಂತು ‘ತಕ’ ಅನ್ನಿಸಿ. ‘ಹಸ್’, ‘ತ’. ‘ಅಗ್’, ‘ನಿ’. ಒಡೆದು ಹೇಳಿ, ಹತ್ತಿರ ತಂದು, ಕೂಡಿಸಿ. ಅರ್ಕಾವತ್ತು ಕೊನೆಗಿರಲಿ, ಯಾಕೆಂದರೆ ಅದನ್ನು ಬರೆಯುವುದು ಆಮೇಲೆ, ನುಡಿಯುವುದು ಮೊದಲು, ಮಕ್ಕಳು ತಬ್ಬಿಬ್ಬಾಗುತ್ತಾರೆ. ಕರ್ತ, ಸ್ವರ್ಗ, ಪರ್ವತ, ಸೂರ್ಯ. ‘ಕ್ರಿಸ್ತ’ ಎಂಬ ಪದದಲ್ಲಿ ಎರಡು ಒತ್ತು ಇವೆ: ಕಕಾರಕ್ಕೆ ರ, ಸಕಾರಕ್ಕೆ ತ. ಮಗ ಅದನ್ನು ತಾನಾಗಿ ಬರೆದದ್ದು ಐದನೇ ತಿಂಗಳಲ್ಲಿ, ಹಸಿಬೆರಳಲ್ಲಿ, ಅಂಗಳದ ಕಲ್ಲಿನ ಮೇಲೆ. ಒಣಗಿ ಅಳಿಸುವ ಮೊದಲು ಅಪ್ಪನನ್ನು ಕೂಗಿ ಕರೆದ.

ಗಣಿತಕ್ಕೆ ನಮಗೆ ಎಸ್ಟೇಟಿನ ಮಳೆಪುಸ್ತಕವೇ ದೊಡ್ಡ ಪುಸ್ತಕ. ತೋಟದವರು ಮಳೆಯನ್ನು ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. 100 ಸೆಂಟ್ಸ್‌ಗೆ ಒಂದು ಇಂಚು. ಬೆಳಿಗ್ಗೆ ಅಪ್ಪನ ಜೊತೆ ರೈನ್‌ಗೇಜ್ ನೋಡಿ ಮನೆಯ ಪುಸ್ತಕದಲ್ಲಿ ಬರೆಯುವುದು ಮಕ್ಕಳ ಕೆಲಸ. ಒಂದು ದಿನ ದೊಡ್ಡವಳು ಒಂದು ಇಂಚು ಐದು ಸೆಂಟ್ಸ್ ಮಳೆಯನ್ನು 1.5 ಅಂತ ಬರೆದಿದ್ದಳು. ನಾನು ಕೆಂಪು ಪೆನ್ನು ಹಿಡಿಯಲಿಲ್ಲ. ತಿಂಗಳ ಕೊನೆಗೆ ಕೂಡಿದಾಗ ಅಪ್ಪನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ 45 ಸೆಂಟ್ಸ್ ವ್ಯತ್ಯಾಸ ಬಂತು. ಒಂದು ಸಂಜೆಯೆಲ್ಲ ಕೂತು ಹುಡುಕಿ, 1.05 ಆಗಬೇಕಿತ್ತು ಅಂತ ತಾನೇ ಕಂಡುಹಿಡಿದಳು. ದಶಮಾಂಶದಲ್ಲಿ ಸೊನ್ನೆಯ ಜಾಗ ಅವಳಿಗೆ ಮತ್ತೆ ತಪ್ಪಿಲ್ಲ. ಈಗ 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುತ್ತಾಳೆ: 1 ಇಂಚು 35 ಸೆಂಟ್ಸ್ ಅಂದರೆ 34.29. ನಿಮ್ಮದು ತೋಟದ ಮನೆ ಅಲ್ಲದಿದ್ದರೆ ಹಾಲಿನ ಲೆಕ್ಕ ಇದೆ, ರೇಷನ್ ಲೆಕ್ಕ ಇದೆ, ದೇವರಿಗೆ ಕೊಡುವ ದಶಮಾಂಶದ ಲೆಕ್ಕವೂ ಇದೆ. ಈ ಕೊನೆಯದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅಪ್ಪನ ಸಂಬಳದಲ್ಲಿ ಹತ್ತರಲ್ಲಿ ಒಂದು ಭಾಗ ದೇವರಿಗೆ ಎತ್ತಿಡುವುದನ್ನು ಅವರೇ ಲೆಕ್ಕ ಹಾಕಿ ಕವರಿಗೆ ಹಾಕಲಿ.

ವಿಜ್ಞಾನಕ್ಕೆ ಮಾರ್ಚ್, ಏಪ್ರಿಲ್ ಕಾಯುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಶಾಲೆಗೆ ಹೋಗುತ್ತಿದ್ದಾಗ ಅದೇ ಹೊತ್ತಿಗೆ ಪರೀಕ್ಷೆ. ಮನೆ ಬಾಗಿಲಲ್ಲಿ ಅರಳಿದ್ದನ್ನು ಮಕ್ಕಳು ಕೂತು ನೋಡಿದ್ದೇ ಇಲ್ಲ. ಈಗ ಆ ಮೂರು ದಿನ ಪುಸ್ತಕ ತೆಗೆಯುವುದಿಲ್ಲ. ಒಂದು ಗೆಣ್ಣಿಗೆ ಎಷ್ಟು ಹೂ, ಜೇನು ಯಾವ ಹೊತ್ತಿಗೆ ಜಾಸ್ತಿ ಬರುತ್ತದೆ ಅಂತ ಬರೆದಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಆ ಪರಿಮಳದ ಮಧ್ಯೆ ನಿಂತು ಸ್ತೋತ್ರ ಮಾಡುವಾಗ ನನ್ನ ಗಂಟಲು ಕಟ್ಟುತ್ತದೆ.

ಒಟ್ಟು ಕೂತು ಓದುವುದು ದಿನಕ್ಕೆ ಮೂರು ಗಂಟೆ. ಅದಕ್ಕಿಂತ ಹೆಚ್ಚು ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ, ಹಾಗಾಗಿ ಆನ್‌ಲೈನ್ ಪಾಠವನ್ನೇ ನಂಬಿಕೊಂಡು ಶುರು ಮಾಡಬೇಡಿ. ಸರ್ಕಾರದ ಪಠ್ಯಪುಸ್ತಕಗಳು ಬಿಟ್ಟಿಯಾಗಿ ಡೌನ್‌ಲೋಡ್ ಆಗುತ್ತವೆ, ಮೇ ತಿಂಗಳಲ್ಲೇ ಪ್ರಿಂಟ್ ಹಾಕಿಸಿಟ್ಟುಕೊಳ್ಳಿ. ಕೊಯ್ಲಿನ ದಿನಗಳಲ್ಲಿ ಅರ್ಧ ದಿನ ರಜೆ. ಶನಿವಾರ ಪಾಠವಿಲ್ಲ: ಬಟ್ಟೆ, ಮನೆ ಸಾರಿಸುವುದು, ಸಂಡೇ ಸ್ಕೂಲಿನ ಬಾಯಿಪಾಠ.

ಪರೀಕ್ಷೆ ಹೇಗೆ ಅಂತ ಅತ್ತೆಯವರು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಾಗಿರಲಿ. ಎನ್‌ಐಒಎಸ್ ಅಂತ ಕೇಂದ್ರದ ಮುಕ್ತ ಶಾಲೆ ಇದೆ. ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಎಂಬ ಹಂತಗಳು. ಅವು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಯ ಪರೀಕ್ಷೆಗೆ 14 ವರ್ಷ ತುಂಬಿರಬೇಕು, ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಕನ್ನಡವನ್ನು ತೆಗೆದುಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ನೋಂದಣಿ 5 ವರ್ಷ ನಡೆಯುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ನಮ್ಮ ದೊಡ್ಡವಳು ಬರುವ ವರ್ಷ ಹೆಸರು ಕೊಡುತ್ತಾಳೆ.

ಮಕ್ಕಳನ್ನು ಮನೆಯೊಳಗೆ ಕೂಡಿಹಾಕಬೇಡಿ. ಸಂಜೆ ಲೈನಿನ (ತೋಟದ ಆಳುಗಳ ಸಾಲುಮನೆಗಳ) ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ, ದೊಡ್ಡವಳು ಅವರಿಗೆ ಕತೆ ಓದಿ ಹೇಳುತ್ತಾಳೆ. ದೀಪಾವಳಿಗೆ ಅವರ ಮನೆಯ ಕಜ್ಜಾಯ ನಮಗೆ, ಕ್ರಿಸ್‌ಮಸ್‌ಗೆ ನಮ್ಮ ಕರ್ಜಿಕಾಯಿ ಅವರಿಗೆ. ಬೇಲೂರಿಗೂ ಕರೆದುಕೊಂಡು ಹೋದೆ. ಕ್ರೈಸ್ತ ತಾಯಿ ದೇವಸ್ಥಾನಕ್ಕೆ ಯಾಕೆ ಅಂತ ಕೇಳಿದವರಿದ್ದಾರೆ. 1117ರಲ್ಲಿ ನಮ್ಮ ನೆಲದ ಶಿಲ್ಪಿಗಳು ಕಲ್ಲಲ್ಲಿ ಏನು ಮಾಡಿದರು ಅಂತ ನಮ್ಮ ಮಕ್ಕಳಿಗೆ ತಿಳಿಯಬೇಡವೇ? ಚಪ್ಪಲಿ ಹೊರಗೆ ಬಿಟ್ಟು, ಮಾತು ತಗ್ಗಿಸಿ, ಮರ್ಯಾದೆಯಿಂದ ನೋಡಿ ಬಂದೆವು. ಅದೇ ತಾಲ್ಲೂಕಿನ ಹಲ್ಮಿಡಿಗೂ ಹೋದೆವು, ಸುಮಾರು ಕ್ರಿ.ಶ. 450ರ, 16 ಸಾಲಿನ ಕನ್ನಡ ಶಾಸನ ಸಿಕ್ಕ ಊರು. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೋಡಿದೆವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ನೀರಲ್ಲಿ ಮುಳುಗುತ್ತದೆ. ಚಾವಣಿಯಿಲ್ಲದ ಆ ಗೋಡೆಗಳ ನಡುವೆ ನಿಂತು ಮಗಳು ಕೇಳಿದ್ದು, “ಇಲ್ಲಿ ಪ್ರಾರ್ಥನೆ ಮಾಡ್ತಿದ್ದವರೆಲ್ಲ ಎಲ್ಲಿಗೆ ಹೋದ್ರು?” ಊರು ಬಿಟ್ಟು ಬೇರೆಡೆ ನೆಲೆಸಬೇಕಾಯಿತು ಅಂತ ಹೇಳಿದೆ. ಆ ರಾತ್ರಿ ಹೆಸರು ಗೊತ್ತಿಲ್ಲದ ಅವರಿಗಾಗಿ ಪ್ರಾರ್ಥಿಸಿದಳು.

ಒಂದು ಮಾತ್ರ ಕೈಮುಗಿದು ಕೇಳುತ್ತೇನೆ. ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ದೇವರ ವಾಕ್ಯ ಬರೆಸಬೇಡಿ. ಐವತ್ತು ಸಲ ಬರೆದ ವಚನವನ್ನು ಮಗು ಪ್ರೀತಿಸುವುದು ಕಷ್ಟ. ಹಾಗೆಯೇ, ಉತ್ತರ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನಿ. ನಮ್ಮ ಅಮ್ಮ ತೀರಿಕೊಂಡಾಗ ಮಗ, “ನಾವು ಇಷ್ಟು ಪ್ರಾರ್ಥನೆ ಮಾಡಿದ್ರೂ ಅಜ್ಜಿ ಯಾಕೆ ಉಳೀಲಿಲ್ಲ?” ಅಂದ. ನನಗೂ ಗೊತ್ತಿಲ್ಲ ಕಂದ, ಅಂದೆ. ಇಬ್ಬರೂ ಜಗಲಿಯಲ್ಲಿ ಮಳೆ ನೋಡುತ್ತ ಬಹಳ ಹೊತ್ತು ಕೂತಿದ್ದೆವು.

ತಂಗಿ, ಈ ಶನಿವಾರ ಬಾ. ಮಗನನ್ನೂ ಕರೆದುಕೊಂಡು ಬಾ, ಮಧ್ಯಾಹ್ನದ ಊಟ ಇಲ್ಲೇ. ಮಳೆಪುಸ್ತಕ, ನೋಟ್‌ಬುಕ್, ಫೈಲು ಎಲ್ಲ ತೋರಿಸುತ್ತೇನೆ. ತೋಟದೊಳಗೆ ಇಂಬಳ (ಜಿಗಣೆ) ಜಾಸ್ತಿ ಇದೆ, ಕಾಲಿಗೆ ಹಚ್ಚಲು ಉಪ್ಪು, ಸುಣ್ಣ ಗೇಟಿನ ಹತ್ತಿರವೇ ಇಟ್ಟಿರುತ್ತೇನೆ.