ಹೊಲಿಗೆಯ ಗಂಟು, ಮುಟ್ಟಿನ ತಾರೀಖು

ಶಿರಸಿಯಲ್ಲಿ ಸ್ತ್ರೀರೋಗ ವೈದ್ಯೆಯಾಗಿರುವ ನನಗೆ ಎಂಡೊಮೆಟ್ರಿಯೋಸಿಸ್ ದಿನವೂ ಕಾಣುವ ಕಾಯಿಲೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು, ಮುಟ್ಟಿನ ಹೊತ್ತಿಗೆ ಅಲ್ಲೂ ಊದಿ ರಕ್ತ ಬರುವುದೇ ಈ ಕಾಯಿಲೆ. ಅದು ಅಂಡಾಶಯದಲ್ಲಿ ಬೆಳೆದರೆ ಸ್ಕ್ಯಾನಿಂಗ್‌ನಲ್ಲಿ ಚಾಕಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ಕಾಣುತ್ತದೆ, ಮುಂದಿನ ದಾರಿ ಗೊತ್ತಿರುತ್ತದೆ. ಅದೇ ಅಂಗಾಂಶ ಹೊಕ್ಕುಳಲ್ಲೋ, ಸಿಸೇರಿಯನ್ ಗಾಯದಲ್ಲೋ, ಎದೆಯೊಳಗೋ ಕೂತರೆ ರೋಗಿ ಬೇರೆಲ್ಲ ಡಾಕ್ಟರನ್ನು ಸುತ್ತಿ ಕೊನೆಗೆ ನನ್ನ ಹತ್ತಿರ ಬರುತ್ತಾರೆ.

ಸಿದ್ದಾಪುರ ಕಡೆಯವರೊಬ್ಬರು ಹಾಗೇ ಬಂದಿದ್ದರು. ಚೀಟಿಯಲ್ಲಿ 'ಹರ್ನಿಯಾ?' ಎಂದು ಬರೆದಿತ್ತು, ಅಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ಉಬ್ಬಿದೆಯೇ ಎಂಬ ಅನುಮಾನ. ಸಿಸೇರಿಯನ್ ಗಾಯದ ಎಡತುದಿಯಲ್ಲಿ ಅಡಿಕೆ ಗಾತ್ರದ ಗಂಟು. ಕೆಮ್ಮಿಸಿದೆ, ಉಬ್ಬಲಿಲ್ಲ. ಒತ್ತಿದೆ, ಒಳಗೆ ಸರಿಯಲಿಲ್ಲ; ಅವರು ಮಾತ್ರ ಹಲ್ಲು ಕಚ್ಚಿದರು. ಯಾವಾಗ ಜಾಸ್ತಿ ನೋವು ಎಂದರೆ, "ಹಂಗೇನಿಲ್ಲ ಡಾಕ್ಟ್ರೇ, ಬಂದು ಹೋಗ್ತದೆ." ಪಕ್ಕದಲ್ಲಿದ್ದ ಅತ್ತೆಯವರನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. "ಹೊರಗಾದಾಗ ಗಂಟು ದಪ್ಪ ಆಗ್ತದೆ. ಅತ್ತೆ ಎದುರು ಹೆಂಗೆ ಹೇಳೂದು?"

ಆ ದಿನಗಳಲ್ಲೇ ಸ್ಕ್ಯಾನ್ ಮಾಡಿಸಿದೆ. ಹೊಟ್ಟೆಯ ಗೋಡೆಯಲ್ಲೇ ಅಂಚು ಒರಟಾದ ಗಂಟು, ಕರುಳಿನ ಸುಳಿವೂ ಇಲ್ಲ. ಸರ್ಜನ್ ಜೊತೆ ಸೇರಿ, ಸುತ್ತಲಿನ ಸುಮಾರು 1 ಸೆಂ.ಮೀ. ಒಳ್ಳೆಯ ಭಾಗದ ಸಮೇತ ತೆಗೆದೆವು. ಚೂರು ಉಳಿದರೂ ಮತ್ತೆ ಬೆಳೆಯಬಹುದು. ಸೀಳಿ ನೋಡಿದರೆ ಬಿಳಿ ನಾರಿನ ನಡುವೆ ಹಳೆಯ ರಕ್ತದ ಕಂದು ಚುಕ್ಕೆಗಳು. ಆದರೂ ಪೆಥಾಲಜಿ ವರದಿ ಬರುವ ತನಕ ನಾನು ಹೆಸರು ಹೇಳುವುದಿಲ್ಲ.

ಎದೆಯದ್ದು ಇನ್ನೂ ಕಷ್ಟ. ಕೆಮ್ಮಿದಾಗ ರಕ್ತ ಎಂದರೆ ನಮ್ಮಲ್ಲಿ ಮೊದಲು ಟಿಬಿ ನೆನಪಾಗುತ್ತದೆ. ಕಫ ಪರೀಕ್ಷೆ ಮಾಡಿಸಲೇಬೇಕು, ಅದು ಸರಿ. ಅದರಲ್ಲಿ ಏನೂ ಸಿಗದೆ, ತಿಂಗಳು ತಿಂಗಳೂ ರಕ್ತ ಬರುತ್ತಿದ್ದರೆ ಮುಟ್ಟಿನ ತಾರೀಖು ಕೇಳಬೇಕು. ಶ್ವಾಸಕೋಶದ ಸುತ್ತ ಗಾಳಿ ತುಂಬಿ ಅದು ಕುಸಿಯುವುದೂ ಉಂಟು: ಸಾಮಾನ್ಯವಾಗಿ ಮುಟ್ಟು ಶುರುವಾದ 72 ಗಂಟೆಯೊಳಗೆ, ಬಹುಪಾಲು ಬಲಗಡೆಗೇ. 1958ರಲ್ಲೇ ವರದಿಯಾದ ಸಂಗತಿ ಇದು. ಆದರೂ ಎದೆನೋವಿನವರನ್ನು ಮುಟ್ಟಿನ ಬಗ್ಗೆ ಯಾರೂ ಕೇಳುವುದಿಲ್ಲ.

ನನಗೆ ಹೆಚ್ಚು ಭಯ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದ್ದು. ನೋವೇ ಇಲ್ಲದೆ ನಾಳ ಕಟ್ಟಿಕೊಂಡು ಕಿಡ್ನಿ ಹಾಳಾಗಬಹುದು. ಅದಕ್ಕೇ ಎಂಡೊಮೆಟ್ರಿಯೋಸಿಸ್ ಶಂಕೆಯಿದ್ದರೆ ಕೆಳಹೊಟ್ಟೆಯ ಜೊತೆ ಕಿಡ್ನಿಯನ್ನೂ ನೋಡಿ ಎಂದು ಸ್ಕ್ಯಾನ್ ಚೀಟಿಯಲ್ಲಿ ಬರೆಯುತ್ತೇನೆ. ಸಿಎ-125 ರಕ್ತಪರೀಕ್ಷೆ ಮಾಡಿಸಿಕೊಂಡು ಬರುವವರಿದ್ದಾರೆ. ಅದನ್ನು ನಂಬಿ ಏನನ್ನೂ ತೀರ್ಮಾನಿಸಲಾಗದು.

ಕಾಯಿಲೆ ಹಳತಾದರೆ ನೋವು ತಿಂಗಳಿಡೀ ಇರಬಹುದು. ಆಗ 'ಶುರುವಿನಲ್ಲಿ ಹೇಗಿತ್ತು?' ಎಂದು ಕೇಳುತ್ತೇನೆ, ಮುಟ್ಟಿನ ದಿನವನ್ನೂ ನೋವಿನ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ. ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುವಾಗ ಆ ತಾರೀಖುಗಳು ನನ್ನ ಪತ್ರದ ಮೊದಲ ಸಾಲಿನಲ್ಲೇ ಇರುತ್ತವೆ. ಓದುವ ಎದೆಯ ಡಾಕ್ಟರಿಗೆ ವಿಚಿತ್ರ ಅನ್ನಿಸಿದರೆ ಅನ್ನಿಸಲಿ.