ಮೇಲ್ಮನವಿ ವಿಚಾರಣೆಗೆ ಒಂದು ಹಾಳಿ ಬರಕೊಂಡು ಹೋಗ್ರಿ

ಅಂಗವೈಕಲ್ಯ ಪ್ರಮಾಣಪತ್ರದಾಗ ಶೇಕಡಾ ಕಡಿಮಿ ಬಂತಂತ ಮೇಲ್ಮನವಿ ಹಾಕಿ, ವಿಚಾರಣೆ ದಿನ ನೆನೆಸಿಕೊಂಡು ನಿದ್ದಿಗೆಟ್ಟವರು ಒಂದು ಹಾಳಿ ಬರಕೊಂಡು ಹೋಗ್ರಿ: ದಿನದ ಐದು ಕೆಲಸ, ಒಂದೊಂದಕ್ಕ ಎಷ್ಟು ಹೊತ್ತು, ಯಾರ ಆಸರ ಬೇಕು. ‘ನಡ್ಯಾಕ ತ್ರಾಸು’ ಅಂತ ಬ್ಯಾಡ. ‘ಬಚ್ಚಲಕ್ಕ ಹನ್ನೆರಡು ಹೆಜ್ಜಿ, ಅಷ್ಟರಾಗ ಎರಡು ಸಲ ಗ್ವಾಡಿ ಹಿಡದು ನಿಲ್ತೀನಿ’ ಅಂತ ಬರೀರಿ. ಮೂರು ಪ್ರತಿ ಮಾಡ್ರಿ: ಒಂದು ವಿಚಾರಣೆ ಮಾಡೋ ಸಾಹೇಬ್ರಿಗೆ, ಒಂದರ ಮ್ಯಾಲೆ ಸ್ವೀಕೃತಿ ಮುದ್ರಿ, ಒಂದು ನೋಡಿ ಓದಾಕ. ಯಾಕಂದ್ರ ಸಾಹೇಬ್ರು ‘ಹೆಂಗದೀರಿ’ ಅಂದ ಕೂಡಲೆ ನಮ್ಮ ಕಡೆ ಮಂದಿ ಬಾಯಾಗ ತಾನ ಬರೂದು ‘ಆರಾಮ ಅದೀನ್ರಿ’! ಎದಿ ಢವಢವ ಅನ್ನುವಾಗ ಹೇಳಬೇಕಾದ್ದು ಮರತ ಹೋಗ್ತದ. ಬಾದಾಮಿ, ಹುನಗುಂದದಿಂದ ಬಾಗಲಕೋಟಿಗೆ ಬರವ್ರು ಹಿಂದಿನ ದಿನಾನ ಬರದಿಡ್ರಿ, ಬಸ್ಸಿನಾಗ ಆಗೂದಿಲ್ಲ. ಆದ್ರ ಶೇಕಡಾ ನಿಂತಿರೂದು ವೈದ್ಯರ ಅಳತಿ ಮ್ಯಾಲೆ. ಕಿವಿದಾದ್ರ ಹೊಸ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಸ್ತದ ಅಂತ ಅಳೆಯೋ ಪರೀಕ್ಷೆ ವರದಿ), ಕಣ್ಣಿಂದಾದ್ರ ಹೊಸ ದೃಷ್ಟಿ ಪರೀಕ್ಷೆ ವರದಿ ಇಲ್ಲದ ಬರೇ ಹಾಳಿಯಿಂದ ಶೇಕಡಾ 40ರ ಗಡಿ (ಹೆಚ್ಚಿನ ಸೌಲಭ್ಯಕ್ಕ ಬೇಕಾದ ಕನಿಷ್ಠ ಪ್ರಮಾಣ) ದಾಟೂದಿಲ್ಲ. ಪ್ರಮಾಣಪತ್ರಾನ ನಿರಾಕರಿಸಿದ್ರ ಕಾರಣ ಬರವಣಿಗಿಯಾಗ ಕೊಡಬೇಕು. ಕೊಟ್ಟಿಲ್ಲಂದ್ರ ಮೊದಲು ಅದನ್ನ ಕೇಳಿ ತಗೊಳ್ರಿ, ನಿಮ್ಮ ಹಾಳಿ ಆ ಕಾರಣಕ್ಕ ಉತ್ತರ ಆಗಿರಬೇಕು. ಅಂಜಬ್ಯಾಡ್ರಿ, ಈ ಮೇಲ್ಮನವಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 59ನೇ ಕಲಂನಾಗ ಕೊಟ್ಟ ಹಕ್ಕು.