ಟ್ಯಾನ್ ಗ್ರಾಫಿನ ಲಂಬ ಅಸಿಂಪ್ಟೋಟ್: ಬ್ರಾಕೆಟ್ಟನ್ನು ಇಡಿಯಾಗಿ ಹಿಡಿಯಿರಿ

ಟ್ಯಾನ್ ಎಂದರೆ ಸೈನ್ ಭಾಗಿಸು ಕೊಸೈನ್. ಕೊಸೈನ್ ಸೊನ್ನೆಯಾದಲ್ಲೆಲ್ಲ ಟ್ಯಾನ್‌ಗೆ ಬೆಲೆಯಿಲ್ಲ, ಲಂಬ ಅಸಿಂಪ್ಟೋಟ್, ಅಂದರೆ ಗ್ರಾಫ್ ಹತ್ತಿರ ಹತ್ತಿರ ಹೋಗಿಯೂ ಮುಟ್ಟದ ನೆಟ್ಟನೆಯ ಗೆರೆ, ಬರುವುದು ಅಲ್ಲೇ. ಹಾಗಾಗಿ ಗ್ರಾಫನ್ನು ಎಡಕ್ಕೆ ಬಲಕ್ಕೆ ಜರುಗಿಸುವ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಬ್ರಾಕೆಟ್ಟಿನಲ್ಲಿ ಇರುವುದನ್ನೆಲ್ಲ ಒಟ್ಟಿಗೆ, ಕೊಸೈನ್ ಸೊನ್ನೆಯಾಗುವ ಪೈ/2 + ಎನ್·ಪೈ ಎಂಬುದಕ್ಕೆ ಸಮ ಎಂದು ಬರೆದು ಬಿಡಿಸುತ್ತೇನೆ. ಎನ್ ಯಾವ ಪೂರ್ಣಾಂಕವಾದರೂ ಸರಿ.

ಈ ಫಂಕ್ಷನ್ ನೋಡಿ:

ವೈ = 3 ಟ್ಯಾನ್(2ಎಕ್ಸ್ − ಪೈ/3) + 1

ಬಿಡಿಸುವುದು ಹೀಗೆ:

2ಎಕ್ಸ್ − ಪೈ/3 = ಪೈ/2 + ಎನ್·ಪೈ
2ಎಕ್ಸ್ = 5ಪೈ/6 + ಎನ್·ಪೈ
ಎಕ್ಸ್ = 5ಪೈ/12 + ಎನ್·ಪೈ/2

ಹೆಚ್ಚಿನವರು ಎಡವುವುದು ಕೊನೆಯ ಸಾಲಿನಲ್ಲಿ. 5ಪೈ/6 ಅನ್ನು 2ರಿಂದ ಭಾಗಿಸುತ್ತಾರೆ, ಎನ್·ಪೈ ಅನ್ನು ಹಾಗೇ ಬಿಟ್ಟುಬಿಡುತ್ತಾರೆ. ಆಗ ಒಂದು ಬಿಟ್ಟು ಒಂದು ಅಸಿಂಪ್ಟೋಟ್ ತಪ್ಪಿಹೋಗುತ್ತದೆ. ಈ ಫಂಕ್ಷನ್ನಿನ ಆವರ್ತ, ಅಂದರೆ ಗ್ರಾಫ್ ಮತ್ತೆ ಮರುಕಳಿಸುವ ಅಂತರ, ಟ್ಯಾನ್‌ನ ಪೈ ಅನ್ನು ಎಕ್ಸ್ ಜೊತೆಗಿನ 2ರಿಂದ ಭಾಗಿಸಿದ ಪೈ/2, ಆದ್ದರಿಂದ ಅಕ್ಕಪಕ್ಕದ ಎರಡು ಗೆರೆಗಳ ನಡುವಿನ ಅಂತರವೂ ಅಷ್ಟೇ ಇರಬೇಕು. ಉತ್ತರದಲ್ಲಿ ಎನ್ ಜೊತೆಗಿರುವ ಸಂಖ್ಯೆಯೂ ಆವರ್ತವೂ ಒಂದೇ ಆಗಿದೆಯೇ ಎಂದು ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು ತಪ್ಪು, ಗ್ರಾಫ್ ಬಲಕ್ಕೆ ಪೈ/3ರಷ್ಟು ಸರಿದಿದೆ ಎಂದುಕೊಳ್ಳುವುದು. ಒಳಗಿನ 2 ಅನ್ನು ಹೊರತೆಗೆದರೆ 2(ಎಕ್ಸ್ − ಪೈ/6) ಆಗುತ್ತದೆ, ಸರಿದಿರುವುದು ಪೈ/6 ಮಾತ್ರ. ಬ್ರಾಕೆಟ್ಟನ್ನು ಇಡಿಯಾಗಿ ಬಿಡಿಸುವವರಿಗೆ ಈ ಗೊಂದಲವೇ ಇಲ್ಲ. ಮುಂದಿರುವ 3 ಗ್ರಾಫನ್ನು ಲಂಬವಾಗಿ ಹಿಗ್ಗಿಸುತ್ತದೆ, ಕೊನೆಯ 1 ಮೇಲಕ್ಕೆತ್ತುತ್ತದೆ. ಇವೆರಡೂ ಅಸಿಂಪ್ಟೋಟನ್ನು ಮುಟ್ಟುವುದಿಲ್ಲ. 3ರ ಜಾಗದಲ್ಲಿ −3 ಇದ್ದರೆ ಏರುವ ರೇಖೆ ಇಳಿಯುತ್ತದೆ, ಗೆರೆಗಳು ಇದ್ದಲ್ಲೇ ಇರುತ್ತವೆ.

0ಯಿಂದ 2ಪೈ ಒಳಗಿನವು ಬೇಕಿದ್ದರೆ ಎಲ್ಲವನ್ನೂ 12ರ ಛೇದಕ್ಕೆ ತನ್ನಿ. ಪೈ/2 ಎಂದರೆ 6ಪೈ/12, ಆದ್ದರಿಂದ ಅಂಶಕ್ಕೆ 6 ಕೂಡುತ್ತ ಹೋದರೆ ಸಾಕು: 5ಪೈ/12, 11ಪೈ/12, 17ಪೈ/12, 23ಪೈ/12. ಮುಂದಿನದು 29ಪೈ/12, ಅದು 24ಪೈ/12 ದಾಟಿತು. ಒಟ್ಟು ನಾಲ್ಕು.

ಗ್ರಾಫ್ ಬರೆಯುವಾಗ −ಪೈ/12 ಮತ್ತು 5ಪೈ/12ರಲ್ಲಿ ಮೊದಲು ಚುಕ್ಕೆಗೆರೆ ಎಳೆಯಿರಿ. ನಟ್ಟನಡುವೆ, ಪೈ/6ರಲ್ಲಿ, ವೈ ಬೆಲೆ 1. ಪೈ/24ರಲ್ಲಿ −2, 7ಪೈ/24ರಲ್ಲಿ 4. ಈ ಮೂರು ಬಿಂದು ಸಿಕ್ಕಿದರೆ ರೇಖೆ ತಾನಾಗಿ ಮೂಡುತ್ತದೆ.

ಕ್ಯಾಲ್ಕ್ಯುಲೇಟರಿನಲ್ಲಿ ತಾಳೆ ನೋಡಲು ಅದು ರೇಡಿಯನ್‌ನಲ್ಲಿರಬೇಕು. 5ಪೈ/12 ಸುಮಾರು 1.309. ಎಕ್ಸ್‌ಗೆ 1.308 ಕೊಟ್ಟರೆ ವೈ 1500ರ ಆಸುಪಾಸು, 1.310 ಕೊಟ್ಟರೆ −1500ರ ಆಸುಪಾಸು. ಚಿಹ್ನೆ ಹೀಗೆ ಹಾರಿದರೆ ಗೆರೆ ಸರಿಯಾದ ಜಾಗದಲ್ಲಿದೆ. ಎರಡೂ ಕಡೆ ಸಣ್ಣ ಸಂಖ್ಯೆ ಬಂದರೆ ಯಂತ್ರ ಡಿಗ್ರಿಯಲ್ಲಿದೆಯೇ ಎಂದು ಮೊದಲು ನೋಡಿ.

ಬ್ರಾಕೆಟ್ಟಿನೊಳಗೇ ಪೈ ಇರುವ ಲೆಕ್ಕದಲ್ಲಿ, ಉದಾಹರಣೆಗೆ ಟ್ಯಾನ್(ಪೈ·ಎಕ್ಸ್/4)ರಲ್ಲಿ, ಪೈ ಎರಡೂ ಕಡೆ ಹೊಡೆದುಹೋಗಿ ಎಕ್ಸ್ = 2 + 4ಎನ್ ಉಳಿಯುತ್ತದೆ. ಅಲ್ಲಿ ಅಭ್ಯಾಸಬಲದಿಂದ ಪೈ ಸೇರಿಸಿದರೆ ಉತ್ತರ ತಪ್ಪು.